ಬೂದಿ ಒಪ್ಪದ ಬಟ್ಟಲು

ಮಾರ್ಚ್ 4, ಮಂಗಳವಾರ, ನಸುಕು

ಹಿಟ್ಟು ಉಬ್ಬಲು ಇಟ್ಟು ಮೇಲೆ ಬಂದೆ. ಇನ್ನರ್ಧ ಗಂಟೆ ಬೇಕರಿಗೆ ನಾನು ಬೇಕಿಲ್ಲ. ಕಿತ್ತಳೆ ಸಿಪ್ಪೆ ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿದೆ — ಹೋಟೆಲಿನವರ ಕೇಕ್ ಆರ್ಡರ್. ಈ ವಾರವೆಲ್ಲ ಸಿಪ್ಪೆ ಸುಲಿ, ಬೇಯಿಸು, ಸಕ್ಕರೆ ಹಾಕು. ಇದೇ ರಾಮಾಯಣ.

ಮನೆಗೆ ಅತಿಥಿ ಬಂದಿದೆ. ನಾದಿನಿಯ ಬೆಕ್ಕು. ನಾದಿನಿ ಮಕ್ಕಳಿಗೆ ಈಜು ಕಲಿಸುವವಳು. ನೀರಿನಲ್ಲಿ ಮೀನಿನ ಹಾಗೆ ಇರುತ್ತಾಳೆ, ಭಾನುವಾರ ಕೊಳದ ದಡದಲ್ಲಿ ನಾಲ್ಕು ಹೆಜ್ಜೆ ನಡೆಯಲು ಹೋಗಿ ಜಾರಿ ಸೊಂಟ ಮುರಿದುಕೊಂಡಳು. ಶುಕ್ರವಾರ ಆಪರೇಷನ್. ಒಂಟಿ ಜೀವ. ಆಂಬುಲೆನ್ಸಿನಲ್ಲಿ ಮಲಗಿದ್ದವಳು ಅಣ್ಣನಿಗೆ, ಅಂದರೆ ನಮ್ಮನೆಯವರಿಗೆ, ಹೇಳಿದ್ದು ಒಂದೇ ಮಾತಂತೆ. “ಬೂದೀನ ಅತ್ತಿಗೆ ಹತ್ರ ಬಿಡು.”

ನನ್ನ ಹತ್ತಿರ ಅಂತೆ! ಮದುವೆಯಾಗಿ ಇಷ್ಟು ವರ್ಷವಾಯಿತು, ಮಹಾರಾಯಿತಿ ಒಂದು ದಿನ ನನ್ನ ಅಡಿಗೆಮನೆಯಲ್ಲಿ ಕೂತು ಕಾಫಿ ಕುಡಿದವಳಲ್ಲ. ಹೊಸ್ತಿಲ ಆಚೆ ನಿಂತು ಮಾತಾಡಿ ಹೋಗುತ್ತಾಳೆ. ಕೊಬ್ಬು ಅಂದುಕೊಂಡು ನಾನೂ ಕರೆಯುವುದನ್ನು ಬಿಟ್ಟೆ.

ಬೆಕ್ಕಿಗೆ ಬೂದಿ ಎಂದು ಯಾರಾದರೂ ಹೆಸರಿಡುತ್ತಾರಾ... ಆದರೆ ಬಣ್ಣ ನಿಜಕ್ಕೂ ಆರಿದ ಒಲೆಯದೇ. ವಯಸ್ಸಾದ ಹೆಣ್ಣು ಬೆಕ್ಕು. ನಿನ್ನೆ ಸಂಜೆ ನಾನು ಕೆಳಗೆ ಬೇಕರಿಯಲ್ಲಿದ್ದೆ, ಇವರೇ ಬಟ್ಟಲಿಗೆ ತಿಂಡಿ ಸುರಿದರಂತೆ, ಒಂದಿಷ್ಟು ತಿಂದಿತಂತೆ. ಇಂದಿನಿಂದ ಉಸ್ತುವಾರಿ ನನ್ನದು. ಹಿಡಿದ ಕೆಲಸ ಅರೆಬರೆ ಮಾಡಿ ಗೊತ್ತಿಲ್ಲ. ಅದರ ಕೋಣೆಯನ್ನು ಸಿಪ್ಪೆ ಬೇಯಿಸಿದ ನೀರಿನಲ್ಲಿ ಒರೆಸಿದೆ, ಬಟ್ಟಲನ್ನೂ ಅದರಲ್ಲೇ ತಿಕ್ಕಿದೆ. ನಮ್ಮ ಬೇಕರಿಯ ನೆಲ, ಅಡಿಗೆಮನೆಯ ನೆಲ ವರ್ಷವೆಲ್ಲ ಫಳಫಳ ಹೊಳೆಯುವ ಗುಟ್ಟೇ ಅದು.

ಆಮೇಲೆ ನಾದಿನಿಯ ಮನೆಯಿಂದ ಬಂದ ತಿಂಡಿಯ ಚೀಲ ತಿರುಗಿಸಿ ಓದಿದೆ. ಮೊದಲು ಜೋಳ, ಆಮೇಲೆ ಗೋಧಿ ಹೊಟ್ಟು, ಬಾಲದಲ್ಲಿ ಎಲ್ಲೋ ಕೋಳಿ, ಕೊನೆಗೆ ಬಣ್ಣ. ನನ್ನ ಬಿಸ್ಕತ್ತಿನ ಪ್ಯಾಕೆಟ್ ಮೇಲೂ ನಾನೇ ಬರೆಯುತ್ತೇನಲ್ಲ, ಹೆಚ್ಚು ಹಾಕಿದ್ದು ಮೊದಲು. ಹಾಗಾದರೆ ಇದು ಬೆಕ್ಕಿನ ಊಟವೋ ದನದ ಊಟವೋ? ಚೀಲ ಬೀದಿ ನಾಯಿಗಳ ಪಾಲಾಯಿತು.

ಟೈಮರ್ ಹೊಡೆಯಿತು.

ಅದೇ ದಿನ, ಸಂಜೆ

ಸಾಕುಪ್ರಾಣಿಗಳ ಅಂಗಡಿಗೆ ಹೋಗಿದ್ದೆ. ದಂಗಾದೆ.

ಒಂದು ಗೋಡೆ. ನೆಲದಿಂದ ಸೂರಿನವರೆಗೆ ಬರೀ ಬೆಕ್ಕಿನ ಊಟ. ಮರಿಗೆ ಬೇರೆ, ಮುದಿಗೆ ಬೇರೆ. ಮನೆಯಲ್ಲೇ ಇರುವುದಕ್ಕೆ, ಹೊರಗೆ ತಿರುಗುವುದಕ್ಕೆ. ಉದ್ದ ಕೂದಲಿನದಕ್ಕೆ. ಕಿಡ್ನಿಗೆ, ಹಲ್ಲಿಗೆ, ದಪ್ಪಗಾದದ್ದಕ್ಕೆ, ಸಿಡುಕಿನದಕ್ಕೆ! ಸಾಲ್ಮನ್, ಬಾತುಕೋಳಿ, ಮೊಲ, ಜಿಂಕೆ... ಜಿಂಕೆ ತಿಂದ ಬೆಕ್ಕನ್ನು ಯಾರು ಕಂಡಿದ್ದಾರೆ. ದೇವಸ್ಥಾನದ ಗೋಪುರ ನೋಡುವ ಹಾಗೆ ಕತ್ತೆತ್ತಿ ನಿಂತೆ. ಇಷ್ಟು ಚಿಕ್ಕ ಪ್ರಾಣಿಯ ಹೊಟ್ಟೆಗಾಗಿ ಇಷ್ಟು ಜನ ಎಲ್ಲೋ ಕೂತು ಅಳೆದು, ಬೇಯಿಸಿ, ಡಬ್ಬ ಮುಚ್ಚುತ್ತಿದ್ದಾರೆ ಎಂಬುದೇ ಗೊತ್ತಿರಲಿಲ್ಲ.

ಆದರೆ ನಾನೂ ಅಂಗಡಿಯವಳು. ಕಣ್ಣಿನ ಮಟ್ಟದಲ್ಲಿ ಇಟ್ಟಿರುವುದು ಅವರಿಗೆ ಖರ್ಚಾಗಬೇಕಾದ ಮಾಲು. ಬಗ್ಗಿ ಕೆಳಗಿನ ಸಾಲು ಹುಡುಕಿದೆ. ‘ಮಾಂಸ ಮತ್ತು ಪ್ರಾಣಿಜನ್ಯ ಪದಾರ್ಥ’ ಎಂದು ಬರೆದದ್ದನ್ನೆಲ್ಲ ಪಕ್ಕಕ್ಕಿಟ್ಟೆ. ಯಾವ ಪ್ರಾಣಿ, ಯಾವ ಭಾಗ ಎಂದು ಹೇಳಲು ಬಾಯಿಲ್ಲದವನ ಮಾಲು ನನಗೆ ಬೇಡ. ‘ಕೋಳಿ ಮಾಂಸ’ ಎಂದು ಮೊದಲ ಪದದಲ್ಲೇ ಒಪ್ಪಿಕೊಂಡ ಒಣ ತಿಂಡಿ ಒಂದನ್ನು ತಂದೆ.

ಬಟ್ಟಲಿಟ್ಟೆ. ಬೂದಿ ಮಂಚದ ಕೆಳಗಿಂದ ಬಂತು. ಮೂಸಿತು. ಆಮೇಲೆ ಮಾಡಿದ್ದನ್ನು ಬರೆಯಲೂ ಮನಸ್ಸಿಲ್ಲ — ಬಟ್ಟಲಿನ ಸುತ್ತ ನೆಲವನ್ನು ಕೈಯಿಂದ ಕೆರೆಯಿತು, ಹೇಲಿನ ಮೇಲೆ ಮಣ್ಣು ಎಳೆಯುತ್ತವಲ್ಲ, ಹಾಗೆ. ಕೆರೆದು, ಬಾಲ ಎತ್ತಿಕೊಂಡು ಹೋಯಿತು.

ಇವರಿಗೆ ನಗು ತಡೆಯಲಿಲ್ಲ. ನನ್ನ ಕೇಕಿಗೆ ಈ ಊರಿನಲ್ಲಿ ಇಂಥ ವಿಮರ್ಶೆ ಇದುವರೆಗೆ ಬಂದಿಲ್ಲ.

ಮಾರ್ಚ್ 5, ಬುಧವಾರ, ರಾತ್ರಿ

ಒಣ ತಿಂಡಿ ಮುಟ್ಟಿಲ್ಲ. ಬೆಳಿಗ್ಗೆ ಹಾಲಿಟ್ಟೆ, ಅದಕ್ಕೂ ಸೊಪ್ಪು ಹಾಕಲಿಲ್ಲ. ಹಾಲು ಒಲ್ಲದ ಬೆಕ್ಕು! ಕತೆಗಳೆಲ್ಲ ಸುಳ್ಳಾ?

ಮತ್ತೆ ಅಂಗಡಿ. ಈ ಸಲ ಡಬ್ಬಗಳ ಕಡೆ. ಮೊದಲು ಮೋಸ ಅನ್ನಿಸಿತು. ಒಣ ತಿಂಡಿಯಲ್ಲಿ ಪ್ರೋಟೀನ್ ನೂರಕ್ಕೆ ಮೂವತ್ತೆರಡು ಪಾಲು, ಡಬ್ಬದಲ್ಲಿ ಬರೀ ಹತ್ತು. ಆಮೇಲೆ ತೇವಾಂಶ ಎಂಬ ಸಾಲು ಕಂಡಿತು, ಎಪ್ಪತ್ತೆಂಟು. ತಲೆಗೆ ಹೊಳೆಯಿತು: ಹಿಟ್ಟು ಕಲಸುವವಳಿಗೆ ಇದನ್ನು ಹೇಳಿಕೊಡಬೇಕೆ? ನೀರು ತೆಗೆದು ನೋಡು. ಉಳಿದ ಇಪ್ಪತ್ತೆರಡರಲ್ಲಿ ಹತ್ತು, ಹತ್ತಿರ ಹತ್ತಿರ ಅರ್ಧ. ಡಬ್ಬವೇ ಗೆದ್ದಿತು. ಬೆಕ್ಕುಗಳು ಬಾಯಾರಿದರೂ ನೀರು ಕುಡಿಯುವುದು ಕಡಿಮೆಯಂತೆ, ಮೂಲದಲ್ಲಿ ಮರಳುಗಾಡಿನವು, ತಿನ್ನುವ ಇಲಿಯಲ್ಲೇ ಅವಕ್ಕೆ ನೀರು ಸಿಗುತ್ತಿತ್ತಂತೆ, ಅಂಗಡಿಯಾಕೆ ಹೇಳಿದರು. ಮಂಚದ ಕೆಳಗೆ ಕೂತ ಆ ಮುದುಕಿಯೊಳಗೆ ಒಂದು ಮರಳುಗಾಡು ಇದೆ. ಅದನ್ನೇ ಯೋಚಿಸುತ್ತಾ ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿ ಹೋದೆ.

ಹಸಿರು ಡಬ್ಬ ಆರಿಸಿದೆ. ಕೋಳಿ, ಕೋಳಿಯ ಲಿವರ್, ನೀರು, ಬೇಕಾದ ಸತ್ವಗಳು. ಜೋಳವಿಲ್ಲ, ಸಕ್ಕರೆಯಿಲ್ಲ, ಬಣ್ಣವಿಲ್ಲ. ಮುಚ್ಚಳ ತೆಗೆದು ನಾನೇ ಮೂಸಿದೆ. ಶುದ್ಧ ಮಾಲು. ನನ್ನ ಕೈಯಿಂದಲೇ ಕಿವುಚಿ ಇಟ್ಟೆ.

ಮೂಸಿತು. ಮೂಗು ಹಿಂದಕ್ಕೆ ಎಳೆದುಕೊಂಡಿತು. ಕೆರೆಯಿತು.

ಸಂಜೆ ಆಸ್ಪತ್ರೆಯಿಂದ ನಾದಿನಿಯ ಫೋನು. ಹೇಗಿದ್ದೀರಿ ಇಲ್ಲ, ಏನಿಲ್ಲ. “ತಿಂತಾ?” ಅಂದಳು. ಆಪರೇಷನ್ ಮುಗಿಯುವವರೆಗೆ ಅವಳಿಗೆ ಏನೂ ಹೇಳಬೇಡ ಎಂದು ಇವರು ಕಣ್ಣಲ್ಲೇ ಬೇಡಿಕೊಂಡರು. “ತಿಂತು” ಅಂದೆ. ಕಣ್ಣು ಮುಚ್ಚಿ ಹಾಲು ಕುಡಿದದ್ದು ನಾನು, ಬೆಕ್ಕಲ್ಲ.

ಫೋನಿಟ್ಟ ಮೇಲೆ ಇವರು ಸಮಾಧಾನ ಹೇಳಿದರು. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು, ಹಸಿದರೆ ತಾನೇ ತಿನ್ನುತ್ತದೆ ಬಿಡು, ಎಂದು. ಗಾದೆ ಸುಳ್ಳಾದರೂ ವೇದ ಸುಳ್ಳಾಗದು... ಅಲ್ಲ, ತಿರುಗುಮುರುಗು ಬರೆದೆ. ತಲೆ ಕೆಟ್ಟಿದೆ.

ಮಾರ್ಚ್ 6, ಗುರುವಾರ, ಸಂಜೆ

ನಾಚಿಕೆ ಬಿಟ್ಟು ಆ ಜೋಳದ ತಿಂಡಿಯನ್ನೇ ಹುಡುಕಿ ತಂದೆ. ಅದನ್ನೂ ಮೂಸಿ ‘ಮುಚ್ಚಿತು’. ಆಗ ಭಯವಾಯಿತು. ಬ್ರೆಡ್ಡಿನ ಕೆಲಸ ಇವರ ತಲೆಗೆ ಕಟ್ಟಿ, ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದೆ.

ಡಾಕ್ಟರಮ್ಮ ಬಾಯಿ ತೆರೆದು ನೋಡಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆದರು. ರೋಗವಿಲ್ಲ. ಹೊಸ ಜಾಗ, ಒಡತಿ ಇಲ್ಲ, ಅದಕ್ಕೇ ಇರಬಹುದು ಅಂದರು. ಹಸಿದರೆ ತಿನ್ನುತ್ತದೆಯಲ್ಲ ಎಂದು ಇವರ ಗಾದೆಯನ್ನು ಅಲ್ಲಿಗೂ ಒಯ್ದೆ. ಅವರು ಕೈ ತೊಳೆಯುತ್ತಿದ್ದವರು ತಿರುಗಿದರು.

“ನಾಯಿಗೆ ಆ ಮಾತು ಸರಿ. ಬೆಕ್ಕಿಗಲ್ಲ. ಮೂಗು ಒಪ್ಪಲಿಲ್ಲ ಅಂದ್ರೆ ಇದು ಉಪವಾಸ ಬಿದ್ದೇ ಸಾಯುತ್ತೆ. ಎರಡು ಮೂರು ದಿನ ತಿನ್ನದೆ ಇದ್ರೆ ಮೈಯಲ್ಲಿರೋ ಕೊಬ್ಬೆಲ್ಲ ಹೋಗಿ ಲಿವರ್‌ನಲ್ಲಿ ಕೂರುತ್ತೆ. ಆಮೇಲೆ ತಿನ್ನೋಣ ಅಂದ್ರೂ ಅದರ ಕೈಲಿ ಆಗಲ್ಲ.”

ಹೊಟ್ಟೆ ತೊಳಸದಂತೆ ಒಂದು ಇಂಜೆಕ್ಷನ್ ಕೊಟ್ಟರು. ಸಿರಿಂಜಿನಲ್ಲಿ ಹಿಂಡಲು ಒಂದು ಪೇಸ್ಟು. ಅದು ಜೀವ ಹಿಡಿದಿಡಲು ಮಾತ್ರ. ಸೋಮವಾರ ಬೆಳಿಗ್ಗೆಯೊಳಗೆ ತಾನಾಗಿ ತಿನ್ನದಿದ್ದರೆ ಅರಿವಳಿಕೆ ಕೊಟ್ಟು ಕುತ್ತಿಗೆಯ ಬದಿಯಿಂದ ಹೊಟ್ಟೆಗೆ ಟ್ಯೂಬ್ ಹಾಕಬೇಕು. ಈ ವಯಸ್ಸಿಗೆ ಇದರ ಹೃದಯ ಅರಿವಳಿಕೆ ತಡೆಯುತ್ತದೆ ಎಂದು ಮಾತು ಕೊಡಲಾರೆ ಅಂದರು.

ಮಾತಿನ ನಡುವೆ ಇನ್ನೊಂದು ಹೇಳಿದರು. ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತಾಗುವುದಿಲ್ಲವಂತೆ. ಇಷ್ಟವಿಲ್ಲ ಎಂದಲ್ಲ, ಗೊತ್ತೇ ಆಗುವುದಿಲ್ಲ. ಹುಲಿಗೂ ಹಾಗೆಯೇ ಅಂತೆ.

ಬರುವಾಗ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂತೆ. ನನ್ನ ಜೀವಮಾನವೆಲ್ಲ ಸಿಹಿ. ಸಕ್ಕರೆ ಪಾಕದ ಎಳೆ ನೋಡಿ ನೋಡಿ ಕಣ್ಣು ಸೋತಿದೆ. ಅಳುವ ಮಗು, ಮುನಿದ ಗಂಡ, ಸಾಲ ಕೇಳಲು ಬಂದವನು, ಯಾರೇ ಇರಲಿ, ಒಂದು ತುಂಡು ಕೇಕ್ ಕೊಟ್ಟು ಸರಿಮಾಡಿದವಳು ನಾನು. ಈ ಜೀವದ ಪಾಲಿಗೆ ನನ್ನ ಅಂಗಡಿ ಇಲ್ಲವೇ ಇಲ್ಲ. ಬಾಗಿಲಿಲ್ಲ, ದೀಪವಿಲ್ಲ. ಮೈ ಜುಮ್ಮೆಂದಿತು. ಅಷ್ಟು ಪುಟ್ಟ ತಲೆ, ಅದರೊಳಗೆ ಪೂರ್ತಿ ಬೇರೆಯೇ ಒಂದು ಲೋಕ, ಅಲ್ಲಿಗೆ ನಾನು ಏನು ಕೊಟ್ಟು ಒಳಗೆ ಹೋಗಲಿ?

ಸಿರಿಂಜಿನ ಪೇಸ್ಟು ಅರ್ಧ ಅದರ ಬಾಯಿಗೆ, ಅರ್ಧ ನನ್ನ ಸೀರೆಗೆ.

“ತಿಂತಾ?” “ತಿಂತು.”

ಮಾರ್ಚ್ 7, ಶುಕ್ರವಾರ

ಆಪರೇಷನ್ ಚೆನ್ನಾಗಿ ಆಯಿತು. ಬೂದಿ ತಿನ್ನಲಿಲ್ಲ.

ಡಬ್ಬವನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಿ ಕೊಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಈಗಷ್ಟೇ ಹಿಡಿದ ಇಲಿಯ ಬಿಸಿ ಇರಬೇಕಂತೆ. ನಾನೋ, ಕ್ರೀಮ್ ಕೇಕಿನ ಜೊತೆ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಕೊಡುತ್ತಿದ್ದೆ. ಯೀಸ್ಟಿನ ಹಾಲನ್ನು ಮಣಿಕಟ್ಟಿನ ಮೇಲೆ ಬಿಟ್ಟು ನೋಡುವ ಹಾಗೆ ನೋಡಿ ಕೊಟ್ಟೆ. ಹತ್ತಿರ ಬಂತು... ತೀರಾ ಹತ್ತಿರ. ಮೀಸೆ ಮುಂದಕ್ಕೆ ಬಂದವು, ಮೂಗಿನ ತುದಿ ನಡುಗಿತು. ನಾನು ಬಟ್ಟಲನ್ನು ಇನ್ನಷ್ಟು ಮುಂದೆ ತಳ್ಳಿದೆ. ಅಷ್ಟೇ, ತಿರುಗಿ ಹೋಯಿತು.

ಹಸಿದಿದೆ. ಕಣ್ಣಲ್ಲಿ ಕಾಣುತ್ತದೆ. ಆದರೂ ಬೇಡ ಅನ್ನುತ್ತದೆ. ಮನುಷ್ಯರಲ್ಲಿ ಇಂಥ ಹಟ ಕಂಡಿದ್ದರೆ ಕಾಲಿಗೆ ಬೀಳುತ್ತಿದ್ದೆ.

ಮಾರ್ಚ್ 8, ಶನಿವಾರ, ಸಂಜೆ

ಆಸ್ಪತ್ರೆಗೆ ಹೋಗಿದ್ದೆ, ಒಬ್ಬಳೇ. ಇವರು ಬೇಡವೆಂದರೂ ಕೇಳಲಿಲ್ಲ. ನಾಳಿದ್ದು ಟ್ಯೂಬ್ ಹಾಕುವಾಗ ಆ ಜೀವ ಹೋದರೆ ಅವಳ ಮುಖ ಹೇಗೆ ನೋಡಲಿ. ನಾದಿನಿ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದಳು, ತೆಳ್ಳಗಾಗಿದ್ದಳು. ಎಲ್ಲ ಹೇಳಿದೆ. ಚೀಲ ಎಸೆದದ್ದು, ಡಬ್ಬ, ಡಾಕ್ಟರು, ಸೋಮವಾರ. ದಿನಾ ತಿಂತು ಎಂದದ್ದು ಸುಳ್ಳು ಎಂದೂ.

ಕಿರುಚುತ್ತಾಳೆ ಅಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡಳು. ಮೊದಲ ದಿನ ತಿಂದಿತ್ತಲ್ಲ, ಅವತ್ತು ಇಟ್ಟದ್ದು ಯಾರು ಎಂದು ಕೇಳಿದಳು. ನಿಮ್ಮಣ್ಣ ಅಂದೆ. ಬೇಕರಿಯಲ್ಲಿ ಈಗ ಏನು ಕೆಲಸ ನಡೆಯುತ್ತಿದೆ ಎಂದು ಕೇಳಿದಳು. ಇದೇನು ಸಂಬಂಧ ಎಂದು ಗೊತ್ತಾಗದೆ ಕಿತ್ತಳೆ ಸಿಪ್ಪೆ ಅಂದೆ. ಅದರ ನೀರಿನಲ್ಲಿ ಕೋಣೆ ಒರೆಸಿ ಚೊಕ್ಕಟವಾಗಿ ಇಟ್ಟಿದ್ದೇನೆ, ಅದರಲ್ಲಿ ಮಾತ್ರ ಲೋಪವಿಲ್ಲ ಎಂದೂ ಸೇರಿಸಿದೆ.

“ಅತ್ತಿಗೆ, ಕೈ ಕೊಡಿ ಇಲ್ಲಿ.”

ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ಒಯ್ದಳು. ಮೂಸಿದಳು! ಥೇಟ್ ಬೂದಿಯ ಹಾಗೆ ಮುಖ ಹಿಂದಕ್ಕೆ ಎಳೆದುಕೊಂಡಳು.

“ಇದೇ. ಕಿತ್ತಳೆ ಅಂದ್ರೆ ಬೆಕ್ಕಿಗೆ ವಿಷ ಇದ್ದ ಹಾಗೆ, ಅತ್ತಿಗೆ. ಆ ವಾಸನೆ ಬಂದ ಕಡೆ ಮೂತಿ ಇಡಲ್ಲ ಅವಳು. ನೀವು ಆರಿಸಿದ ಡಬ್ಬ ಸರಿಯಾಗೇ ಇದೆ. ಕೈ ವಾಸನೆ ಅಷ್ಟೇ. ನೋವಲ್ಲಿ ನಿಮಗೆ ಹೇಳೋದೇ ಮರೆತೆ.”

ಆಮೇಲೆ ಕಿಟಕಿಯ ಕಡೆ ನೋಡುತ್ತಾ ಅಂದಳು. “ನಂಗೂ ಆಗಲ್ಲ ಈ ವಾಸನೆ. ಮೊದಲಿಂದಾನೂ. ಮೂಗಿಗೆ ಬಿತ್ತು ಅಂದ್ರೆ ತಲೆ ಸಿಡಿಯುತ್ತೆ. ಅದಕ್ಕೇ ನಿಮ್ಮ ಅಡಿಗೆಮನೆ ಒಳಗೆ ಬರ್ತಿರ್ಲಿಲ್ಲ. ಹೇಗೆ ಹೇಳೋದು ನಿಮಗೆ. ಅದೇ ಅಲ್ವಾ ನಿಮ್ಮ ಅನ್ನ.”

ಇಷ್ಟು ವರ್ಷ ಹೊಸ್ತಿಲ ಆಚೆ ನಿಂತದ್ದು ಕೊಬ್ಬಲ್ಲ. ನನ್ನ ಮನಸ್ಸು ನೋಯಬಾರದೆಂದು, ಕೊಬ್ಬು ಎಂಬ ಹೆಸರನ್ನೂ ಸಹಿಸಿಕೊಂಡು ನಿಂತಿದ್ದಳು. ತಲೆ ಎತ್ತಿ ಅವಳ ಮುಖ ನೋಡಲಾಗಲಿಲ್ಲ. ಕೈ ಬಿಡಿಸಿಕೊಳ್ಳಲು ಹೋದೆ, ಅವಳು ಬಿಡಲಿಲ್ಲ. ತಲೆ ಸಿಡಿಯುತ್ತದೆ ಎಂದವಳು ಹಾಗೇ ಹಿಡಿದುಕೊಂಡಿದ್ದಳು.

ಮಾರ್ಚ್ 9, ಭಾನುವಾರ, ಮಧ್ಯಾಹ್ನ

ಇವರಿಗೆ ಹೇಳಿಬಿಟ್ಟೆ, ಸಿಪ್ಪೆಯ ಕೆಲಸ ನಿಮ್ಮದು, ಇವತ್ತು ನಾನು ಕೆಳಗೆ ಇಳಿಯುವುದಿಲ್ಲ ಎಂದು. ಮೇಲಕ್ಕೆ ಬರುವ ಹಾಗೂ ಇಲ್ಲ, ಊಟ ಮೆಟ್ಟಿಲ ಮೇಲೆ ಇಡುತ್ತೇನೆ ಎಂದೆ. ಬೆಕ್ಕಿನ ದೆಸೆಯಿಂದ ಗಂಡನೇ ಅಸ್ಪೃಶ್ಯನಾದ ಎಂದು ಗೊಣಗಿದರು. ಗೊಣಗಿಕೊಂಡೇ ಏಪ್ರನ್ ಕಟ್ಟಿಕೊಂಡರು.

ನೆಲವನ್ನು ಬರೀ ಬಿಸಿನೀರಿನಲ್ಲಿ ಒರೆಸಿದೆ. ಮತ್ತೆ ಒರೆಸಿದೆ. ಕಿಟಕಿಗಳನ್ನೆಲ್ಲ ತೆರೆದೆ. ಪರದೆ ಬಿಚ್ಚಿ ಹಾಕಿದೆ. ಆ ಬಟ್ಟಲನ್ನು ಬಿಸಾಕಿ ಹೊಸ ಪಿಂಗಾಣಿ ತಟ್ಟೆ ತೆಗೆದೆ, ಚಪ್ಪಟೆಯದು, ಮೀಸೆಗೆ ತಾಗದಂಥದ್ದು. ಕೈಗೆ ಎಣ್ಣೆ ಸವರಿ, ಮೈದಾ ತಿಕ್ಕಿ, ತೊಳೆದು, ಮತ್ತೆ ಎಣ್ಣೆ. ಚರ್ಮ ಸುಕ್ಕಾಯಿತು. ಮೂಸಿ ನೋಡಿಕೊಂಡೆ. ಏನೂ ಇಲ್ಲ. ನನಗೆ ಇಷ್ಟು ವರ್ಷ ಗೊತ್ತೇ ಆಗದಿದ್ದ ವಾಸನೆ ಹೋಗಿದೆಯೋ ಇಲ್ಲವೋ ನನಗೆ ಗೊತ್ತಾಗುವುದಾದರೂ ಹೇಗೆ? ಅದನ್ನು ಹೇಳುವ ಮೂಗು ಮಂಚದ ಕೆಳಗಿದೆ.

ಹಸಿರು ಡಬ್ಬ ಬೆಚ್ಚಗೆ ಮಾಡಿ ಇಟ್ಟೆ. ಬಂತು. ನಿಂತು ಮೂಸಿತು, ಬಹಳ ಹೊತ್ತು. ಕೆರೆಯಲಿಲ್ಲ. ತಿನ್ನಲೂ ಇಲ್ಲ. ಅಲ್ಲೇ, ತಟ್ಟೆಯ ಮುಂದೆ, ಕಾಲು ಮಡಚಿ ಕೂತುಕೊಂಡಿತು.

ಕೆರೆಯಲಿಲ್ಲ ಎಂಬುದನ್ನೇ ಹಿಡಿದುಕೊಂಡು ಕೂತಿದ್ದೇನೆ.

ಅದೇ ದಿನ, ಸಂಜೆ

ತಿಂದಿಲ್ಲ. ಬೆನ್ನ ಮೂಳೆ ಕೈಗೆ ಸಿಗುತ್ತದೆ. ಸಿರಿಂಜು ಹಿಡಿದೆ, ಕೊಸರಾಡಲೂ ಶಕ್ತಿಯಿಲ್ಲ, ನುಂಗಿತು. ಕೊಸರಾಡಿದ್ದರೇ ಚೆನ್ನಾಗಿತ್ತು.

ಫೋನ್ ಮಾಡಿದ ನಾದಿನಿಗೆ ನಿಜವನ್ನೇ ಹೇಳಿದೆ, ಇನ್ನೂ ಇಲ್ಲ ಎಂದು. ಅವಳ ಪಾಠದಲ್ಲಿ ನೀರಿಗೆ ಹೆದರುವ ಮಕ್ಕಳಿರುತ್ತಾರಂತೆ. ಅವರನ್ನು ತಳ್ಳಬಾರದಂತೆ. ತಾನು ಕೊಳಕ್ಕೆ ಇಳಿದು, ಬೇರೆ ಕಡೆ ಮುಖ ಮಾಡಿ ನಿಂತುಬಿಡುತ್ತಾಳಂತೆ. “ನೋಡ್ತಾ ಕೂರಬೇಡಿ ಅತ್ತಿಗೆ. ಪಕ್ಕದಲ್ಲಿ ಸುಮ್ನೆ ಇರಿ. ನಿಮ್ಮ ಕೆಲಸ ಮಾಡ್ಕೊಳ್ಳಿ.”

ಸುಮ್ಮನಿರುವುದು ನನ್ನ ಜಾತಕದಲ್ಲೇ ಬರೆದಿಲ್ಲ.

ಮಾರ್ಚ್ 10, ಸೋಮವಾರ, ಬೆಳಿಗ್ಗೆ

ಡಾಕ್ಟರಮ್ಮನ ಹತ್ತಿರ ಒಯ್ಯುವ ಬುಟ್ಟಿ ಬಾಗಿಲ ಹತ್ತಿರ ಸಿದ್ಧವಾಗಿದೆ. ಇವರು ಕೆಳಗೆ ಓವನ್ ಆರಿಸಿ ಬರುತ್ತಾರೆ, ಬಂದ ಕೂಡಲೇ ಹೊರಡುವುದು. ನೆಲದ ಮೇಲೆ ಕೂತು, ಬೆನ್ನು ಅದರ ಕಡೆ ಮಾಡಿ ಬರೆಯುತ್ತಿದ್ದೇನೆ. ಪಕ್ಕದಲ್ಲಿ ಬೆಚ್ಚಗಿನ ತಟ್ಟೆ. ಹೊಸ ಡಬ್ಬ ಒಡೆಯುವಾಗ ಬೆರಳಿಗೆ ಮೆತ್ತಿದ್ದನ್ನು ತೊಳೆಯಲೂ ಇಲ್ಲ, ಬಲಗೈ ಹಾಗೇ ನೆಲದ ಮೇಲಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕಾಗೆ ಕಾಲು ಗುಬ್ಬಿ ಕಾಲು.

ಬೆರಳಿಗೆ ಏನೋ ತಣ್ಣಗೆ ತಾಗಿತು.

ಮೂಗು. ಹೆಬ್ಬೆರಳಿನಿಂದ ಕಿರುಬೆರಳವರೆಗೆ ಒಂದೊಂದನ್ನೂ ಮೂಸುತ್ತಿದೆ. ತಿರುಗಿ ನೋಡುವುದಿಲ್ಲ. ಸತ್ತರೂ ನೋಡುವುದಿಲ್ಲ.

ನಾಲಿಗೆ. ಅಬ್ಬಾ, ಅದೆಷ್ಟು ಒರಟು, ಮರಳುಕಾಗದ... ಆ ಮರಳುಗಾಡು ಇಲ್ಲಿದೆ, ನನ್ನ ಬೆರಳ ಮೇಲೆ. ನೆಕ್ಕುತ್ತಿದ್ದಾಳೆ. ಒಂದು ಬೆರಳು ಮುಗಿಸಿ ಇನ್ನೊಂದು. ಈಗ ಬೆರಳು ಬಿಟ್ಟಳು. ಹೋದಳಾ?

ಇಲ್ಲ. ತಟ್ಟೆಯ ಸದ್ದು. ಚಪ್ ಚಪ್ ಚಪ್. ಇಷ್ಟು ವರ್ಷ ಎಷ್ಟು ಜನ ನನ್ನ ಮುಂದೆ ತಿಂದು ಆಹಾ ಅಂದಿದ್ದಾರೆ, ಒಂದು ಜೀವ ತಿನ್ನುವ ಸದ್ದನ್ನು ನಾನು ಇವತ್ತೇ ಮೊದಲು ಕೇಳುತ್ತಿರುವುದು. ಕಣ್ಣು ತುಂಬಿ ಅಕ್ಷರ ಕಾಣುತ್ತಿಲ್ಲ. ತಿನ್ನು ತಾಯಿ, ತಿನ್ನು.

ಫೋನ್ ಹೊಡೆದುಕೊಳ್ಳುತ್ತಿದೆ. ನಾದಿನಿಯದೇ. ನಾನು ಅಲುಗಾಡುವ ಹಾಗಿಲ್ಲ. ಇವರು ಮೆಟ್ಟಿಲು ಹತ್ತಿ ಬಂದರು, ಬಾಗಿಲಲ್ಲೇ ನಿಂತುಬಿಟ್ಟರು, ನೋಡಿದರು. ಏಪ್ರನ್ ಬಿಚ್ಚಿ ಹೊರಗೆಸೆದು, ಬೆಕ್ಕಿನ ಹಾಗೆ ಹೆಜ್ಜೆಯಿಟ್ಟು ಬಂದು ಫೋನ್ ಎತ್ತಿದರು. “ತಿಂತಾ?” ಇಲ್ಲಿಗೇ ಕೇಳಿಸಿತು. ಇವರು ಬಗ್ಗಿ, ಕೈಯನ್ನು ಉದ್ದ ಚಾಚಿ, ಫೋನನ್ನು ತಟ್ಟೆಯ ಹತ್ತಿರ ಹಿಡಿದರು.

ಚಪ್ ಚಪ್ ಚಪ್. ಆ ಕಡೆಯಿಂದ ಒಂದು ಸಣ್ಣ ಸದ್ದು. ನಗುತ್ತಿದ್ದಾಳೋ ಅಳುತ್ತಿದ್ದಾಳೋ, ತಿಳಿಯುತ್ತಿಲ್ಲ.